ಪಿಟೀಲು ಚೌಡಯ್ಯನವರ ಊರಲ್ಲಿ ಪಕ್ಕವಾದ್ಯದವರ ಹೆಸರೇ ಇಲ್ಲ ಅಂದ್ರೆ ಹೇಗೆ?

ಬೆಂಗಳೂರಿನ ಚೌಡಯ್ಯ ಮೆಮೋರಿಯಲ್ ಹಾಲ್ ಎಲ್ಲರಿಗೂ ಗೊತ್ತು. ಕಟ್ಟಡವೇ ಪಿಟೀಲಿನ ಆಕಾರದಲ್ಲಿದೆ. ಕೆ.ಕೆ. ಮೂರ್ತಿಯವರು ಪಟ್ಟು ಹಿಡಿದು ಕಟ್ಟಿಸಿದ್ದು, 1980ರಲ್ಲಿ ತಯಾರಾಯಿತು. ಆದರೆ ಆ ಚೌಡಯ್ಯನವರು ನಮ್ಮ ಟಿ. ನರಸೀಪುರದ ಪಕ್ಕದ ತಿರುಮಕೂಡಲಿನವರು ಅಂದರೆ ಮೈಸೂರಿನ ಹುಡುಗರೇ "ಹೌದಾ?" ಅಂತಾರೆ. ನನಗೆ ಅದು ನೋವಿನ ವಿಷಯ.

ಮೊನ್ನೆ ಮೈಸೂರಿನ ನಮ್ಮ ಬಡಾವಣೆಯಲ್ಲಿ ಒಂದು ಸಂಗೀತ ಕಚೇರಿಯ ಬ್ಯಾನರ್ ಕಟ್ಟಿದ್ದರು. ಗಾಯಕರ ಫೋಟೊ ಆಳೆತ್ತರ. ಅದರ ಕೆಳಗೆ ಪ್ರಾಯೋಜಕರ ಹೆಸರು, ಅಧ್ಯಕ್ಷರ ಹೆಸರು, ಖಜಾಂಚಿ ಹೆಸರು. ಪಿಟೀಲಿನವರು, ಮೃದಂಗದವರು ಯಾರು ಅಂತ ಹುಡುಕಿದರೆ ಕೊನೆಯಲ್ಲಿ ಎರಡೇ ಪದ: "ಪಕ್ಕವಾದ್ಯ ಸಹಿತ". ಅಷ್ಟೇ. ಅದನ್ನು ನೋಡಿದ ಮೇಲೆ ಇದನ್ನು ಬರೆಯಲೇಬೇಕು ಅನ್ನಿಸಿತು.

ಚೌಡಯ್ಯನವರು ಹುಟ್ಟಿದ್ದು 1895ರಲ್ಲಿ. ಕಾವೇರಿ, ಕಪಿಲೆ ಕೂಡುವ ಊರು. ಮುಂದೆ ಕೃತಿಗಳನ್ನು ರಚಿಸಿದಾಗ ಅಂಕಿತ ಇಟ್ಟುಕೊಂಡದ್ದೂ ಊರಿನ ಹೆಸರಿನಿಂದಲೇ: ತ್ರಿಮಕುಟ. 1910ರಲ್ಲಿ ಮೈಸೂರಿಗೆ ಬಂದು ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. ಎಂಟು ವರ್ಷದ ಗುರುಕುಲ. ಕೃಷ್ಣಪ್ಪನವರು ಆಸ್ಥಾನದ ಗಾಯಕರು, ಶಿಸ್ತಿನ ಮನುಷ್ಯ. ಪಿಟೀಲಿನ ಹುಡುಗ ಹಾಡುಗಾರರ ಹತ್ತಿರ ಕಲಿತದ್ದು ಸಣ್ಣ ವಿಷಯ ಅಲ್ಲ. ಸಾಹಿತ್ಯ ಎಲ್ಲಿ ಒಡೆಯುತ್ತದೆ, ಗಾಯಕ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾನೆ, ಅದು ಗೊತ್ತಿದ್ದವರಿಗೆ ಮಾತ್ರ ಕಮಾನು ಅಲ್ಲಿ ತಿರುಗುತ್ತದೆ.

ಪಕ್ಕವಾದ್ಯ ನುಡಿಸುವುದು ಎಷ್ಟು ಕಷ್ಟ ಅಂತ ಹತ್ತಿರದಿಂದ ನೋಡಿದವರಿಗೆ ಗೊತ್ತು. ಗಾಯಕರು ಬದಲಾದರೆ ಶ್ರುತಿ ಬದಲು. ಶ್ರುತಿಯ ಎತ್ತರವನ್ನು ಮನೆ ಅಂತ ಲೆಕ್ಕ ಹಾಕ್ತಾರೆ; ಇವತ್ತು ಒಂದು ಮನೆ, ನಾಳೆ ಐದು ಮನೆ. ಅದಕ್ಕೆ ತಕ್ಕಂತೆ ಎಲ್ಲ ತಂತಿ ಕೂಡಿಸಬೇಕು. ಎಷ್ಟೋ ಸಲ ರಿಹರ್ಸಲ್ ಇರುವುದಿಲ್ಲ. ಗಾಯಕರು ಯಾವ ರಾಗ ಎತ್ತುತ್ತಾರೆ ಅನ್ನೋದು ವೇದಿಕೆಯ ಮೇಲೆಯೇ ತಿಳಿಯುವುದು. ಅವರು ಆಲಾಪನೆ ಮಾಡುವಾಗ ನೆರಳಿನ ಹಾಗೆ ಹಿಂದೆ ಹೋಗಬೇಕು. ಅವರು ನಿಲ್ಲಿಸಿದ ತಕ್ಷಣ ಅದೇ ರಾಗವನ್ನು ತನ್ನದಾಗಿ ಕಟ್ಟಬೇಕು, ಅದೂ ಕಡಿಮೆ ಹೊತ್ತಿನಲ್ಲಿ. ಕಲ್ಪನಾ ಸ್ವರ, ಅಂದರೆ ಸ್ಥಳದಲ್ಲೇ ಕಟ್ಟಿ ಹಾಡುವ ಸ್ವರ, ಬಂದರೆ ಗಾಯಕರು ಹಾಕಿದ ಲೆಕ್ಕ ಕಿವಿಯಲ್ಲಿ ಹಿಡಿದು, ಅದೇ ಎಡುಪ್ಪಿಗೆ (ತಾಳದಲ್ಲಿ ಸಾಲು ಶುರುವಾಗುವ ಜಾಗಕ್ಕೆ) ಬಂದು ಕೂರಬೇಕು. ಒಂದು ಅಕ್ಷರ ತಪ್ಪಿದರೂ ಮೊದಲು ಎಲ್ಲರ ಕಣ್ಣು ಹೋಗೋದು ಪಿಟೀಲಿನವರ ಮೇಲೆ.

ಚೌಡಯ್ಯನವರು ಈ ಕೆಲಸವನ್ನೇ ಜೀವನ ಮಾಡಿಕೊಂಡರು. ಚೆಂಬೈ, ಅರಿಯಕುಡಿ, ಜಿ.ಎನ್.ಬಿ. ಅಂಥ ದೊಡ್ಡ ಗಾಯಕರ ಪಕ್ಕದಲ್ಲಿ ಕೂತರು. ಚೆಂಬೈ ಅವರ ಗಂಟಲು ಕಂಚಿನದು. ಇನ್ನು ಅವರ ಕಾಲಕ್ಕೆ ಎಲ್ಲ ಕಡೆ ಮೈಕ್ ಎಲ್ಲಿತ್ತು? ನಾಲ್ಕು ತಂತಿಯ ಪಿಟೀಲಿನ ದನಿ ಹಿಂದಿನ ಸಾಲಿಗೆ ತಲುಪುತ್ತಿರಲಿಲ್ಲ. ಅದಕ್ಕೇ ಮೂರು ತಂತಿ ಜಾಸ್ತಿ ಸೇರಿಸಿ ಏಳು ತಂತಿಯ ಪಿಟೀಲು ಮಾಡಿದರು. 1927ರ ಹೊತ್ತಿಗೆ ಕಚೇರಿಗೆ ತಂದರು. ಜೋಡಿ ತಂತಿ ಮೇಲೆ ಕಮಾನು ಎಳೆದರೆ ದನಿ ತುಂಬಿಕೊಂಡು ಬರುತ್ತದೆ. ಆದರೆ ಜೋಡಿಯಲ್ಲಿ ಒಂದು ತಂತಿ ಕೂದಲೆಳೆಯಷ್ಟು ಇಳಿದರೂ ಅಪಸ್ವರ. ಏಳನ್ನೂ ಶ್ರುತಿಯಲ್ಲಿ ಇಟ್ಟುಕೊಂಡು ಮೂರು ಗಂಟೆ ನುಡಿಸುವುದು ಅಂದರೆ ಏನು, ಯೋಚಿಸಿ. ಹಳೆಯ ರೆಕಾರ್ಡಿಂಗ್ ಹಾಕಿ ಕೇಳಿ, ಆ ಗಾತ್ರ ಈಗಲೂ ಕಿವಿಗೆ ಹೊಡೆಯುತ್ತದೆ. ನನ್ನ ಲೆಕ್ಕದಲ್ಲಿ ಅದು ಪಕ್ಕವಾದ್ಯದ ಹಕ್ಕಿಗೆ ಮಾಡಿದ ಜಗಳ. ನನ್ನ ದನಿಯೂ ಕೇಳಬೇಕು ಅಂತ ಮಾಡಿದ ಜಗಳ.

ದ್ವಾರಂ ವೆಂಕಟಸ್ವಾಮಿ ನಾಯ್ಡು, ಕುಂಭಕೋಣಂ ರಾಜಮಾಣಿಕ್ಯಂ ಪಿಳ್ಳೆ ಜೊತೆ ಅವರ ಕಾಲದ ಮೂರನೇ ದೊಡ್ಡ ಹೆಸರು ಇವರದು. 1957ರಲ್ಲಿ ಮದ್ರಾಸಿನ ಮ್ಯೂಸಿಕ್ ಅಕಾಡೆಮಿ ಸಂಗೀತ ಕಲಾನಿಧಿ ಬಿರುದು ಕೊಟ್ಟಿತು. ಮೈಸೂರಿನಲ್ಲಿ ಅಯ್ಯನಾರ್ ಸಂಗೀತ ಕಾಲೇಜು ನಡೆಸಿದರು. 1967ರಲ್ಲಿ ತೀರಿಕೊಂಡರು. ಪಕ್ಕದಲ್ಲಿ ಕೂತವರೊಬ್ಬರ ಹೆಸರಿನಲ್ಲಿ ರಾಜಧಾನಿಯಲ್ಲಿ ಅಷ್ಟು ದೊಡ್ಡ ಸಭಾಂಗಣ ಎದ್ದು ನಿಂತಿದೆ, ಅವರು ಕಲಿತು ಬೆಳೆದ ಮೈಸೂರಿನಲ್ಲಿ ಮಾತ್ರ ಪಿಟೀಲಿನವರಿಗೆ ಬ್ಯಾನರ್‌ನಲ್ಲಿ ಒಂದು ಸಾಲು ಜಾಗ ಇಲ್ಲ.

ಹಾಗಂತ ಎಲ್ಲ ಕಡೆ ಹೀಗೇ ಅಲ್ಲ. ಒಂಟಿಕೊಪ್ಪಲ್ ಎಂಟನೇ ಕ್ರಾಸಿನ ಗಣೇಶೋತ್ಸವದ ಕಚೇರಿಗೆ ಹೋಗಿ ನೋಡಿ, ಬೀದಿಯಲ್ಲಿ ಕೂತು ತಾಳ ಹಾಕೋ ಜನ ಪಿಟೀಲಿನವರು ಸಾಲನ್ನು ತಿರುಗಿಸಿ ನುಡಿಸುವ ಒಂದು ಒಳ್ಳೆ ಸಂಗತಿಗೂ ಭೇಷ್ ಅಂತಾರೆ. ನಾಗರಾಜ್, ಮಂಜುನಾಥ್ ಸಹೋದರರು ಇದೇ ಊರಿನಿಂದ ಪಿಟೀಲಿನ ತನಿ ಕಚೇರಿಯನ್ನು (ಪಿಟೀಲೇ ಮುಖ್ಯವಾದ ಕಚೇರಿ) ದೇಶ ವಿದೇಶಕ್ಕೆ ತೆಗೆದುಕೊಂಡು ಹೋಗಿದ್ದಾರೆ. ಕೇಳುವವರಿದ್ದಾರೆ, ನುಡಿಸುವವರೂ ಇದ್ದಾರೆ. ಕೊರತೆ ಇರೋದು ನಡುವೆ, ಕಾರ್ಯಕ್ರಮ ನಡೆಸುವವರಲ್ಲಿ.

ಸಂಘಟಕರಿಗೆ ನನ್ನ ಕೋರಿಕೆ ದೊಡ್ಡದೇನಲ್ಲ. ಗಾಯಕರು, ಪಿಟೀಲಿನವರು, ಮೃದಂಗದವರು, ಮೂವರ ಹೆಸರೂ ಒಂದೇ ಅಳತೆಯ ಅಕ್ಷರದಲ್ಲಿ ಹಾಕಿ. ಸಂಭಾವನೆಯ ಕವರ್ ಕೊಡುವಾಗ ಪಕ್ಕವಾದ್ಯದವರಿಗೆ ಸಂಕೋಚ ಆಗುವಷ್ಟು ಕಡಿಮೆ ಇಡಬೇಡಿ. ವರ್ಷಕ್ಕೊಮ್ಮೆಯಾದರೂ ಪಿಟೀಲಿನ ತನಿ ಕಚೇರಿ ಇಡಿ, ನಮ್ಮೂರಿನ ಎಳೆಯರಿಗೇ ಕೊಡಿ. ಮತ್ತೆ ನಾವು ಕೇಳುವವರು, ಗಾಯಕರು ಆಲಾಪನೆ ಮುಗಿಸಿ ಪಿಟೀಲಿನವರು ಎತ್ತಿಕೊಂಡ ಕೂಡಲೇ ಪಕ್ಕದವರ ಜೊತೆ ಮಾತಿಗೆ ಶುರು ಮಾಡ್ತೀವಲ್ಲ, ದಯವಿಟ್ಟು ಅದನ್ನು ಬಿಡೋಣ.