ಸ್ಪೈಡರ್‌ಮ್ಯಾನ್‌ಗೆ ಏಳು ಒಂದನೇ ಸಂಚಿಕೆ ಯಾಕೆ?

ಸಿಟ್ಟು ಬಂದಿದೆ, ಬರೆದೇ ಮಲಗ್ತೀನಿ.

ಇವತ್ತು ಸಂಜೆ ಚರ್ಚ್ ಸ್ಟ್ರೀಟಿನ ಒಂದು ಪುಸ್ತಕದಂಗಡಿಯಲ್ಲಿ ತಾಯಿಯೊಬ್ಬರು ಮಗನಿಗೆ ಸ್ಪೈಡರ್‌ಮ್ಯಾನ್ ಕೊಡಿಸಲು ನಿಂತಿದ್ದರು. ಕೈಯಲ್ಲಿ ಮೂರು ಪುಸ್ತಕ. ಮೂರರ ಮೇಲೂ 'ಅಮೇಜಿಂಗ್ ಸ್ಪೈಡರ್‌ಮ್ಯಾನ್, ವಾಲ್ಯೂಮ್ 1'. "ಇದ್ರಲ್ಲಿ ಮೊದಲನೇದು ಯಾವ್ದಪ್ಪಾ?" ಅಂತ ಅಂಗಡಿ ಹುಡುಗನನ್ನು ಕೇಳಿದರು. ಅವನು ಮೂರನ್ನೂ ತಿರುಗಿಸಿ ನೋಡಿ "ಎಲ್ಲಾನೂ ಮೊದಲನೇದೇ ಮೇಡಂ" ಅಂದ. ಹುಡುಗನ ತಪ್ಪೇನಿಲ್ಲ. ತಪ್ಪು ಪ್ರಕಾಶಕರಾದ ಮಾರ್ವೆಲ್‌ನವರದ್ದು. ಅವರು ಸಂಚಿಕೆಗಳನ್ನು ಮತ್ತೆ 1ರಿಂದ ಎಣಿಸಿದಾಗಲೆಲ್ಲ ಸಂಗ್ರಹದ ಪುಸ್ತಕದ ಮೇಲೂ ಹೊಸ 'ವಾಲ್ಯೂಮ್ 1' ಬರುತ್ತದೆ.

ನನ್ನ ಗೆಳೆಯರಿಗೆ ಗೊತ್ತು, ಈ ನಂಬರ್ ವಿಷಯ ಬಂದರೆ ನಾನು ಸುಮ್ಮನಿರೋಳಲ್ಲ ಅಂತ. ಗೊತ್ತಿಲ್ಲದವರಿಗಾಗಿ ಲೆಕ್ಕ ಬಿಡಿಸಿ ಇಡ್ತೀನಿ.

'ಅಮೇಜಿಂಗ್ ಸ್ಪೈಡರ್‌ಮ್ಯಾನ್' ಪತ್ರಿಕೆಯ ಒಂದನೇ ಸಂಚಿಕೆ 1963ರದ್ದು. ಅದು 441ರವರೆಗೆ ನೆಟ್ಟಗೆ ನಡೆಯಿತು. 1999ರ ಜನವರಿ ಸಂಚಿಕೆಗೆ ಮತ್ತೆ ನಂಬರ್ 1 ಹಾಕಿದರು. ಅದು 58ಕ್ಕೆ ಬಂದಾಗ ಹಳೆಯ 441 ಸೇರಿಸಿಕೊಂಡು, 2003ರಲ್ಲಿ ಮುಂದಿನದಕ್ಕೆ 500 ಅಂತ ಹಾಕಿದರು. ಸರಿಯಾಯ್ತಲ್ಲ ಅಂದುಕೊಳ್ಳುವಷ್ಟರಲ್ಲಿ 2012ರ ಕೊನೆಗೆ 700ಕ್ಕೆ ನಿಲ್ಲಿಸಿ, 'ಸುಪೀರಿಯರ್ ಸ್ಪೈಡರ್‌ಮ್ಯಾನ್' ಅಂತ ಹೆಸರನ್ನೇ ಬದಲಿಸಿದರು. 2014ರಲ್ಲಿ ಹಳೆಯ ಹೆಸರು ವಾಪಸ್, ಜೊತೆಗೆ ಹೊಸ ನಂಬರ್ 1. 2015ರಲ್ಲಿ ಇನ್ನೊಂದು ನಂಬರ್ 1. ಆ ಸರಣಿ 32ಕ್ಕೆ ಬಂದಾಗ ಇದ್ದಕ್ಕಿದ್ದಂತೆ 789! ಅಲ್ಲಿಂದ 801. ಆಮೇಲೆ 2018ರಲ್ಲಿ ನಂಬರ್ 1, 2022ರಲ್ಲಿ ನಂಬರ್ 1, 2025ರ ಏಪ್ರಿಲ್‌ನಲ್ಲಿ ನಂಬರ್ 1.

1963, 1999, 2014, 2015, 2018, 2022, 2025. ಒಂದೇ ಹೆಸರಿನ ಪತ್ರಿಕೆಗೆ ಏಳು ಒಂದನೇ ಸಂಚಿಕೆ. ಅದರಲ್ಲಿ ಐದು ಬಂದಿರುವುದು 2014ರಿಂದ ಈಚೆಗೆ.

ಆ 789 ಎಲ್ಲಿಂದ ಬಂತು ಅಂತಲೂ ನೋಡಿ. ಮೊದಲಿನ 700, 2014ರ ಸರಣಿಯ 18, 2015ರ ಸರಣಿಯ 32 ಕೂಡಿದರೆ 750. ಅದಕ್ಕೆ 'ಸುಪೀರಿಯರ್' ಅನ್ನೋ ಬೇರೆ ಹೆಸರಿನ 33 ಸೇರಿಸಬೇಕು, 783 ಆಗುತ್ತದೆ. ಇನ್ನೂ ಐದು ಕಡಿಮೆ. 2015ರಲ್ಲಿ ಬಂದಿದ್ದ 'ರಿನ್ಯೂ ಯುವರ್ ವೌಸ್' ಎಂಬ ಐದು ಸಂಚಿಕೆಯ ಕಿರುಸರಣಿಯನ್ನು ಅದಕ್ಕೆ ಸೇರಿಸಿದ್ದಾರೆ. ಅಲ್ಲಿಗೆ 788. ಇದನ್ನು ಓದುಗ ತಾನಾಗಿ ಊಹಿಸಲು ಸಾಧ್ಯವೇ? ಇಷ್ಟು ಸಾಲದೆಂಬಂತೆ 2018ರ ಸರಣಿಯಲ್ಲಿ 50.ಎಲ್‌ಆರ್, 78.ಬಿಇವೈ ಅನ್ನೋ ಬಾಲದ ಸಂಚಿಕೆಗಳಿವೆ. ಅವು ಯಾವ ಎಣಿಕೆಯಲ್ಲೂ ಇಲ್ಲ, ಆದರೆ ಕಥೆಯಲ್ಲಿ ಇವೆ. 50 ಆದಮೇಲೆ 51 ಅಂತ ನಂಬಿ ತರಿಸಿದವನ ಕಥೆಯಲ್ಲಿ ತೂತು.

ನಂಬರ್ ಅಂದರೆ ಪ್ರಕಾಶಕ ಓದುಗನಿಗೆ ಕೊಡುವ ಮಾತು. ಇದಾದ ಮೇಲೆ ಇದು, ನೀನು ಯಾವುದನ್ನೂ ತಪ್ಪಿಸಿಕೊಂಡಿಲ್ಲ ಅನ್ನೋ ಮಾತು. ಅದನ್ನು ಮುರಿಯುವುದು ನನಗೆ ಸಣ್ಣ ವಿಷಯ ಅಲ್ಲ.

ಯಾಕೆ ಹೀಗೆ ಮಾಡ್ತಾರೆ ಅನ್ನೋದಕ್ಕೆ ಉತ್ತರ ಅಮೆರಿಕದ ಕಾಮಿಕ್ಸ್ ಅಂಗಡಿಗಳ ವ್ಯವಹಾರದಲ್ಲಿದೆ. 1970ರ ದಶಕದವರೆಗೆ ಕಾಮಿಕ್ಸ್ ಮಾರಾಟವಾಗುತ್ತಿದ್ದುದು ಪೇಪರ್ ಸ್ಟ್ಯಾಂಡುಗಳಲ್ಲಿ, ಮಾರಾಟವಾಗದ್ದನ್ನು ವಾಪಸ್ ಕಳಿಸಬಹುದಿತ್ತು. ಆಮೇಲೆ ಕಾಮಿಕ್ಸ್‌ಗೆಂದೇ ಅಂಗಡಿಗಳು ಬಂದವು, ಫಿಲ್ ಸ್ಯೂಲಿಂಗ್ ಎಂಬವರು ಹೊಸ ಪದ್ಧತಿ ಹಾಕಿಕೊಟ್ಟರು: ಕಮಿಷನ್ ಜಾಸ್ತಿ, ಆದರೆ ವಾಪಸ್ ಇಲ್ಲ. ಉಳಿದ ಪ್ರತಿ ಅಂಗಡಿಯವನ ತಲೆಗೆ. ಹಾಗಾಗಿ ಪ್ರಕಾಶಕನ ಮಟ್ಟಿಗೆ 'ಮಾರಾಟ' ಅಂದರೆ ಓದುಗ ಕೊಂಡದ್ದಲ್ಲ, ಅಂಗಡಿಯವನು ಆರ್ಡರ್ ಕೊಟ್ಟದ್ದು. ಪುಸ್ತಕ ಬರುವ ಕೆಲವು ವಾರ ಮೊದಲೇ ಆರ್ಡರ್ ಮುಚ್ಚುತ್ತದೆ. ಅಂಗಡಿಯವನು ಓದದೇ, ಬರೀ ಹೆಸರು, ಬರಹಗಾರ, ನಂಬರ್ ನೋಡಿ ಹಣ ಹಾಕಬೇಕು. ನಂಬರ್ 1 ಅಂದರೆ ಸಂಗ್ರಹ ಮಾಡುವವರು ಬರ್ತಾರೆ ಅಂತ ಜಾಸ್ತಿ ಹಾಕ್ತಾನೆ.

ಅದರ ಮೇಲೆ ವೇರಿಯಂಟ್ ಕವರ್. ಒಳಗೆ ಅದೇ ಕಥೆ, ಹೊರಗೆ ಬೇರೆ ಚಿತ್ರ. ಇದರಲ್ಲಿ '25ಕ್ಕೆ 1' ಅನ್ನೋ ಬಗೆ ಇದೆ: ಮಾಮೂಲಿ ಕವರಿನ 25 ಪ್ರತಿ ತರಿಸಿದರೆ ವಿಶೇಷ ಕವರಿನ ಒಂದು ಪ್ರತಿ ತರಿಸಲು ಅವಕಾಶ. ಒಂದು ಸಣ್ಣ ಅಂಗಡಿಯ ಲೆಕ್ಕ ಹಾಕೋಣ. ಬೆಲೆ 4.99 ಡಾಲರ್, ಅಂಗಡಿಗೆ ಸುಮಾರು ಅರ್ಧಕ್ಕೆ ಸಿಗುತ್ತದೆ, ಅಂದರೆ ಪ್ರತಿಗೆ 2.50. ಆ ಅಂಗಡಿಯಲ್ಲಿ ನಿಜವಾಗಿ ಓದುವವರು ಹತ್ತು ಜನ ಅಂದುಕೊಳ್ಳಿ. ಹತ್ತೇ ತರಿಸಿದರೆ ಖರ್ಚು 25, ಬರೋದು ಸುಮಾರು 50, ಲಾಭ 25. ವಿಶೇಷ ಕವರಿನ ಆಸೆಗೆ 25 ತರಿಸಿದರೆ ಮಾಮೂಲಿ ಪ್ರತಿಗಳಿಗೇ 62.50 ಖರ್ಚು. ಹತ್ತು ಮಾರಿ 50 ಬಂತು. ವಿಶೇಷ ಕವರು 40ಕ್ಕೆ ಹೋದರೆ, ಅದರ ಅಸಲು ಕಳೆದು ಕೈಗೆ ಸಿಗುವ ಲಾಭ ಮತ್ತೆ ಅದೇ 25. ಹೋಗದಿದ್ದರೆ 15 ಡಾಲರ್ ನಷ್ಟ. ಎರಡೂ ಸಂದರ್ಭದಲ್ಲಿ ಹದಿನೈದು ಮಾಮೂಲಿ ಪ್ರತಿ ಮೂಲೆಯಲ್ಲಿ ಒಂದೊಂದು ಡಾಲರಿಗೆ ಮಾರುವ ಡಬ್ಬಿಗೆ. ಆದರೆ ಪ್ರಕಾಶಕನ ಲೆಕ್ಕದ ಪುಸ್ತಕದಲ್ಲಿ ಹತ್ತರ ಬದಲು 26 ಪ್ರತಿ 'ಮಾರಾಟ' ಆಗಿದೆ, ಪತ್ರಿಕೆಗಳಿಗೆ ಅದೇ ಸುದ್ದಿ ಹೋಗುತ್ತದೆ.

2015ರ ಜನವರಿಯಲ್ಲಿ ಮಾರ್ವೆಲ್‌ನ 'ಸ್ಟಾರ್ ವಾರ್ಸ್' ನಂಬರ್ 1ಕ್ಕೆ ಹತ್ತಾರು ಕವರ್ ಬಂದವು, ಆರ್ಡರ್ ಹತ್ತು ಲಕ್ಷದ ಹತ್ತಿರ ಹೋಯಿತು. ನಂಬರ್ 2ಕ್ಕೆ ಎರಡು ಲಕ್ಷವೂ ಇಲ್ಲ. ಒಂದೇ ತಿಂಗಳಲ್ಲಿ ಎಂಟು ಲಕ್ಷ ಓದುಗರು ಓಡಿಹೋದರೇ? ಅವರು ಮೊದಲೇ ಇರಲಿಲ್ಲ.

ಇದು ಹೊಸ ರೋಗವೂ ಅಲ್ಲ. 1991ರ 'ಎಕ್ಸ್-ಮೆನ್' ನಂಬರ್ 1 ಐದು ಬಗೆಯ ಕವರಿನಲ್ಲಿ ಬಂದು 80 ಲಕ್ಷ ಪ್ರತಿ ದಾಟಿ ಗಿನ್ನೆಸ್ ದಾಖಲೆ ಮಾಡಿತು. ಮುಂದೆ ಚಿನ್ನದ ಬೆಲೆ ಬರುತ್ತೆ ಅಂತ ಡಜನ್‌ಗಟ್ಟಲೆ ಕೊಂಡಿಟ್ಟವರಿದ್ದರು. ಎಲ್ಲರೂ ಕಾಪಾಡಿಟ್ಟ ವಸ್ತುವಿಗೆ ಯಾರು ದುಡ್ಡು ಕೊಡ್ತಾರೆ? ಅದು ಇವತ್ತಿಗೂ ಕೆಲವೇ ಡಾಲರಿಗೆ ಸಿಗುತ್ತದೆ. ಆ ಹುಚ್ಚು ಇಳಿದಾಗ ಸಾವಿರಾರು ಅಂಗಡಿಗಳು ಮುಚ್ಚಿದವು, 1996ರ ಡಿಸೆಂಬರಿನಲ್ಲಿ ಮಾರ್ವೆಲ್ ತಾನೇ ದಿವಾಳಿ ಅರ್ಜಿ ಹಾಕಿತು. 2025ರ ಜನವರಿಯಲ್ಲಿ ಅಂಗಡಿಗಳಿಗೆ ಕಾಮಿಕ್ಸ್ ಹಂಚುತ್ತಿದ್ದ ಡೈಮಂಡ್ ಕಂಪನಿಯೂ ದಿವಾಳಿ ರಕ್ಷಣೆಗೆ ಹೋಯಿತು. ಅದಕ್ಕೆ ಕಾರಣ ಬೇರೆ, ಇನ್ನೊಂದು ದೊಡ್ಡ ಪ್ರಕಾಶನ ಸಂಸ್ಥೆ ಡಿಸಿ 2020ರಲ್ಲಿ, ಮಾರ್ವೆಲ್ 2021ರಲ್ಲಿ ಬೇರೆ ವಿತರಕರ ಹತ್ತಿರ ಹೋಗಿದ್ದವು. ಆದರೆ ಅಂಗಡಿಯವರ ಕೈಯಲ್ಲಿ ಹೆಚ್ಚುವರಿ ಕಾಸು ಇಲ್ಲದ ಇಂಥ ಕಾಲದಲ್ಲಿ ಮತ್ತೆ ಅದೇ ನಂಬರ್ 1ರ ಆಸೆ ತೋರಿಸುವುದು ನನಗೆ ಅನ್ಯಾಯವಾಗಿ ಕಾಣುತ್ತದೆ.

2025ರ ನಂಬರ್ 1 ಮೊದಲಿನಿಂದ ಎಣಿಸಿದರೆ 965ನೆಯದು. "ನಂಬರ್ 965 ಅಂತ ಕಂಡರೆ ಹೊಸಬರು ಹೆದರ್ತಾರೆ, ಅದಕ್ಕೆ 1 ಬೇಕು" ಅಂತ ಒಂದು ವಾದ ಇದೆ. ಕೇಳಿ ಕೇಳಿ ಸಾಕಾಗಿದೆ. 2018ರಲ್ಲಿ ಸೂಪರ್‌ಮ್ಯಾನ್‌ನ 'ಆ್ಯಕ್ಷನ್ ಕಾಮಿಕ್ಸ್' 1000ನೇ ಸಂಚಿಕೆ ಬಂತು, ಬೆಲೆ 7.99 ಡಾಲರ್, ಆ ವರ್ಷ ಅತಿ ಹೆಚ್ಚು ಹೋದ ಸಂಚಿಕೆ ಅದೇ. ಜಪಾನಿನ 'ಒನ್ ಪೀಸ್' 1997ರಿಂದ ಒಂದೇ ಎಣಿಕೆಯಲ್ಲಿ ನಡೆಯುತ್ತಿದೆ, ನೂರಕ್ಕಿಂತ ಹೆಚ್ಚು ಸಂಪುಟ ಆಗಿವೆ. ನಮ್ಮ ಹೈಸ್ಕೂಲ್ ಮಕ್ಕಳು ಹೆದರಿದರೇ? ಒಂದನೇ ಸಂಪುಟದಿಂದ ಶುರು ಮಾಡಬೇಕು ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಯಾಕಂದರೆ ಅಲ್ಲಿ ಒಂದನೇ ಸಂಪುಟ ಒಂದೇ ಇದೆ. 1992ರಲ್ಲಿ ಶುರುವಾದ 'ಸ್ಪಾನ್' ಕಾಮಿಕ್ 350 ದಾಟಿದೆ, ಒಮ್ಮೆಯೂ ಹಿಂದಕ್ಕೆ ಹೋಗಿಲ್ಲ. ಹೊಸಬರು ಹೆದರೋದು ದೊಡ್ಡ ನಂಬರಿಗಲ್ಲ. ನಂಬರ್ 1 ಅಂತ ನಂಬಿ ತೆಗೆದುಕೊಂಡು, ಒಳಗೆ ಹಿಂದಿನ ವರ್ಷದ ಜಗಳ ನಡೀತಾ ಇದ್ದರೆ ಆಗ ಪುಸ್ತಕ ಮುಚ್ಚಿಡ್ತಾರೆ.

ಇನ್ನು ಕೆಲವರು ಹೇಳೋದು, ನಮ್ಮ ವಾರಪತ್ರಿಕೆಗಳೂ ಪ್ರತಿ ವರ್ಷ ಸಂಚಿಕೆ 1 ಅಂತ ಶುರು ಮಾಡಲ್ವಾ ಅಂತ. ಮಾಡ್ತಾರೆ. ಆದರೆ ಪಕ್ಕದಲ್ಲೇ ಸಂಪುಟದ ಸಂಖ್ಯೆಯೂ ಇರುತ್ತದೆ, ಅದು ವರ್ಷಕ್ಕೊಂದು ಏರುತ್ತದೆ. ಸಂಪುಟ, ಸಂಚಿಕೆ ಎರಡೂ ಗೊತ್ತಿದ್ದರೆ ರದ್ದಿ ಅಂಗಡಿಯಲ್ಲೂ ಬೇಕಾದ ವಾರದ್ದನ್ನು ಹುಡುಕಬಹುದು. ಮಾರ್ವೆಲ್‌ನವರ ಕವರಿನಲ್ಲಿ ಇದು ಎಷ್ಟನೇ ಸರಣಿ ಅನ್ನೋದೇ ಇರಲ್ಲ.

ನಿಜವಾದ ನಂಬರ್ 1ಕ್ಕೆ ನನ್ನ ವಿರೋಧ ಇಲ್ಲ, ಬದಲಿಗೆ ಅದು ಬಂದಾಗ ಆಗೋ ಖುಷಿಯೇ ಬೇರೆ. 2024ರ ಅಕ್ಟೋಬರಿನಲ್ಲಿ ಬಂದ ಡಿಸಿಯ 'ಆಬ್ಸಲ್ಯೂಟ್ ಬ್ಯಾಟ್‌ಮ್ಯಾನ್' ನೋಡಿ. ಬೇರೆಯೇ ಲೋಕ, ಬ್ಯಾಟ್‌ಮ್ಯಾನ್ ಆಗುವ ಬ್ರೂಸ್ ವೇನ್ ಹತ್ತಿರ ದುಡ್ಡಿಲ್ಲ, ಬಂಗಲೆ ಇಲ್ಲ, ತಾಯಿ ಬದುಕಿದ್ದಾಳೆ. ಹಿಂದಿನದು ಏನೂ ಓದಿರಬೇಕಾಗಿಲ್ಲ. ಅದೇ ವರ್ಷದ ಜನವರಿಯ 'ಅಲ್ಟಿಮೇಟ್ ಸ್ಪೈಡರ್‌ಮ್ಯಾನ್' ಕೂಡ ಹಾಗೆಯೇ: ಪೀಟರ್ ಪಾರ್ಕರ್‌ಗೆ ಮದುವೆಯಾಗಿ ಎರಡು ಮಕ್ಕಳಾದ ಮೇಲೆ ಅವನಿಗೆ ಶಕ್ತಿ ಬರುತ್ತದೆ. ಇವಕ್ಕೆ 1 ಅಂತ ಹಾಕಿದ್ದು ನ್ಯಾಯ. ಡಿಸಿ 2011ರಲ್ಲಿ 52 ಪತ್ರಿಕೆಗಳಿಗೆ ಒಟ್ಟಿಗೆ ನಂಬರ್ 1 ಹಾಕಿ ಮಾಡಿದ ತಪ್ಪನ್ನು 2016ರಲ್ಲಿ ಎರಡು ಹಳೆಯ ಪತ್ರಿಕೆಗಳ ಮಟ್ಟಿಗಾದರೂ ತಿದ್ದಿಕೊಂಡಿತು. ಡಿಟೆಕ್ಟಿವ್ ಕಾಮಿಕ್ಸ್ 881ಕ್ಕೆ ನಿಂತಿತ್ತು, ನಡುವಿನ 52 ಸಂಚಿಕೆ ಸೇರಿಸಿ 934ರಿಂದ ಮುಂದುವರಿಸಿದರು. ಅದರಲ್ಲಿ ಕೂಡಿಸಿ ನೋಡಿದರೆ ಲೆಕ್ಕ ಸಿಗುತ್ತದೆ. ಆದರೆ 'ಬ್ಯಾಟ್‌ಮ್ಯಾನ್' ಪತ್ರಿಕೆಗೆ ಆ ಭಾಗ್ಯ ಇಲ್ಲ, 2025ರ ಸೆಪ್ಟೆಂಬರಿನಲ್ಲಿ ಮತ್ತೊಂದು ನಂಬರ್ 1.

ಈಗ ಮಕ್ಕಳಿಗೆ ಕೊಡಿಸುವವರಿಗೆ ಉಪಯೋಗಕ್ಕೆ ಬರುವ ಮಾತು. ಇಲ್ಲಿಗೆ ಬಿಡಿ ಸಂಚಿಕೆ ತರಿಸಬೇಡಿ, ಸಾಗಣೆ ಖರ್ಚೇ ಪುಸ್ತಕದ ಬೆಲೆ ಮೀರುತ್ತದೆ. ಐದಾರು ಸಂಚಿಕೆ ಸೇರಿಸಿದ ಪೇಪರ್‌ಬ್ಯಾಕ್ ಕೊಳ್ಳಿ. ಕೊಳ್ಳುವಾಗ 'ವಾಲ್ಯೂಮ್ 1' ನಂಬಬೇಡಿ, ಉಪಶೀರ್ಷಿಕೆ ಮತ್ತು ಬರಹಗಾರನ ಹೆಸರು ನೋಡಿ. 'ಪಾರ್ಕರ್ ಲಕ್' ಇದ್ದರೆ 2014ರ ಸರಣಿ, 'ವರ್ಲ್ಡ್‌ವೈಡ್' ಇದ್ದರೆ 2015, ಎರಡೂ ಡ್ಯಾನ್ ಸ್ಲಾಟ್‌ರದ್ದು. 'ಬ್ಯಾಕ್ ಟು ಬೇಸಿಕ್ಸ್' 2018, ನಿಕ್ ಸ್ಪೆನ್ಸರ್. 'ವರ್ಲ್ಡ್ ವಿದೌಟ್ ಲವ್' 2022, ಜೆಬ್ ವೆಲ್ಸ್. ಹಿಂಬದಿಯಲ್ಲಿ ಅಥವಾ ಹಕ್ಕುಸ್ವಾಮ್ಯದ ಪುಟದಲ್ಲಿ ಯಾವ ಯಾವ ಸಂಚಿಕೆ ಒಳಗಿದೆ ಅಂತ ಸಣ್ಣ ಅಕ್ಷರದಲ್ಲಿ ಇರುತ್ತದೆ, ಅದೇ ಆಧಾರ. ಹಳೆಯ ಕಥೆಗಳ 'ಎಪಿಕ್ ಕಲೆಕ್ಷನ್'ಗಳಿಗೆ ಹಾಕಿದ ನಂಬರ್ ಕಥೆಯ ಕಾಲಕ್ರಮದ್ದು, ಅಚ್ಚಾದ ಕ್ರಮದ್ದಲ್ಲ. ನಡುವಿನ ನಂಬರ್ ಸಿಗದಿದ್ದರೆ ಅದು ಇನ್ನೂ ಬಂದೇ ಇಲ್ಲದಿರಬಹುದು, ಹುಡುಕಿ ಸುಸ್ತಾಗಬೇಡಿ. ಕಡಿಮೆ ಖರ್ಚಿನಲ್ಲಿ ಶುರು ಮಾಡಬೇಕು ಅಂದರೆ ಡಿಸಿ 2024ರಿಂದ ತರುತ್ತಿರುವ ಕಾಂಪ್ಯಾಕ್ಟ್ ಪುಸ್ತಕಗಳಿವೆ, ಐದೂವರೆಗೆ ಎಂಟೂವರೆ ಇಂಚು, ಬೆಲೆ 9.99 ಡಾಲರ್. ಅವುಗಳಲ್ಲಿ ಹೆಚ್ಚಿನವು ತಮ್ಮಷ್ಟಕ್ಕೆ ಪೂರ್ತಿಯಾದ ಕಥೆಗಳು, ನಂಬರಿನ ಕಾಟ ಇಲ್ಲ.

ಬಿಡಿ ಸಂಚಿಕೆಗಳನ್ನೇ ಕೂಡಿಡುವವರು ಡಬ್ಬಿಯಲ್ಲಿ ಶುರುವಾದ ವರ್ಷದ ಪ್ರಕಾರ ಜೋಡಿಸಿ. ಪ್ರತಿಯೊಂದಕ್ಕೂ 'ಅಮೇಜಿಂಗ್ 2018, ನಂ. 25, ಲೆಗಸಿ 826' ಅಂತ ಚೀಟಿ ಇರಲಿ (ಲೆಗಸಿ ಅಂದರೆ ಮೊದಲಿನಿಂದ ಎಣಿಸಿದ ಒಟ್ಟು ನಂಬರ್). ಚೀಟಿ ಅಂಟಿಸೋದು ಪ್ಲಾಸ್ಟಿಕ್ ಚೀಲದ ಮೇಲೆ, ಪುಸ್ತಕದ ಮೇಲಲ್ಲ. ಈಗಿನ ಅಳತೆಯ ಸಂಚಿಕೆಗೆ ಹಿಂದೆ ಇಡಲು ಆರೂ ಮುಕ್ಕಾಲು ಇಂಚು ಅಗಲದ ಆಮ್ಲರಹಿತ ರಟ್ಟು ಸರಿಹೋಗುತ್ತದೆ. ಚೀಲ ಪಾಲಿಪ್ರೊಪಿಲೀನ್‌ದಿರಲಿ, ಪಿವಿಸಿ ಬೇಡವೇ ಬೇಡ, ಅದು ಬಿಡುವ ಅಂಶ ಕಾಗದವನ್ನು ತಿನ್ನುತ್ತದೆ. ಟೇಪು ರಟ್ಟಿನ ಬದಿಗೆ ಬರಬೇಕು, ಇಲ್ಲದಿದ್ದರೆ ಹೊರಗೆ ತೆಗೆಯುವಾಗ ಕವರಿಗೆ ಅಂಟಿ ಚಿತ್ರವೇ ಕಿತ್ತು ಬರುತ್ತದೆ. ನಿಲ್ಲಿಸಿಡಿ, ಮಲಗಿಸಿ ಪೇರಿಸಿದರೆ ಬೆನ್ನು ಸೊಟ್ಟಗಾಗುತ್ತದೆ. ಮಂಗಳೂರು, ಉಡುಪಿ ಕಡೆಯವರು ಮಳೆಗಾಲದಲ್ಲಿ ಡಬ್ಬಿಯನ್ನು ಹೊರಗೋಡೆಗೆ ತಾಗಿಸಬೇಡಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿ, ತೇವ ಹೀರಿ ಆದಮೇಲೆ ಬದಲಿಸಿ.

ನನ್ನ ಬೇಡಿಕೆ ದೊಡ್ಡದೇನಲ್ಲ. ಮಾರ್ವೆಲ್‌ನದೇ ಆ್ಯಪ್ ತೆರೆದು ನೋಡಿ, ಪ್ರತಿ ಸರಣಿಯ ಹೆಸರಿನ ಪಕ್ಕ ಶುರುವಾದ ವರ್ಷ ಇದೆ. ಅಂದರೆ ಸಮಸ್ಯೆ ಏನು, ಪರಿಹಾರ ಏನು ಅಂತ ಅವರಿಗೆ ಗೊತ್ತು. ಆ ನಾಲ್ಕು ಅಂಕಿಯನ್ನು ಕಾಗದದ ಪುಸ್ತಕದ ಬೆನ್ನ ಮೇಲೂ ಹಾಕಲಿ. 2018ರಿಂದ ಕವರಿನ ಮೂಲೆಯಲ್ಲಿ ಇರುವೆಯಷ್ಟು ಸಣ್ಣದಾಗಿ ಹಾಕುತ್ತಿರುವ ಲೆಗಸಿ ನಂಬರನ್ನು ದೊಡ್ಡದು ಮಾಡಲಿ. 2025ರ ನಂಬರ್ 1ರ ಲೆಗಸಿ 965, ಅಂದರೆ ಈ ಸರಣಿಯ 36ನೆಯದು ಸ್ಪೈಡರ್‌ಮ್ಯಾನ್‌ನ 1000ನೇ ಸಂಚಿಕೆ. ಅದರ ಮುಂದಿನದಕ್ಕೆ 1001 ಅಂತ ಹಾಕಲಿ, ಆಮೇಲೆ 1002.