ಫ್ರೆಕಲ್‌ಟನ್ ಪಾರ್ಕಿನ ಉಯ್ಯಾಲೆ

ಇಂಗ್ಲೆಂಡಿನ ಪ್ರೆಸ್ಟನ್‌ಗೆ ಬಂದ ಹೊಸತರಲ್ಲಿ ಒಂದು ಭಾನುವಾರ ಮಗಳನ್ನು ಆಡಿಸಲು ಹತ್ತಿರದ ಫ್ರೆಕಲ್‌ಟನ್ ಹಳ್ಳಿಗೆ ಹೋಗಿದ್ದೆ. ಅವಳಿಗಾಗ ಐದು ವರ್ಷ. ಅವಳು ಉಯ್ಯಾಲೆ ಹತ್ತಿದಳು, ನಾನು ಸುಮ್ನೆ ಅಲ್ಲಿದ್ದ ಕಲ್ಲಿನ ಬರಹ ಓದಿದೆ. ಓದಿದ ಮೇಲೆ ಅವಳನ್ನು ಬಿಟ್ಟು ದೂರ ನಿಲ್ಲಲು ಮನಸ್ಸಾಗಲಿಲ್ಲ.

1944ರ ಆಗಸ್ಟ್ 23. ಎರಡನೇ ಮಹಾಯುದ್ಧದ ಕಾಲ. ಪಕ್ಕದ ವಾರ್ಟನ್‌ನಲ್ಲಿ ಅಮೆರಿಕದ ವಾಯುಪಡೆಯ ದೊಡ್ಡ ಡಿಪೋ ಇತ್ತು. ವಿಮಾನಗಳನ್ನು ಸಿದ್ಧಮಾಡಿ, ಒಮ್ಮೆ ಹಾರಿಸಿ ನೋಡಿ ಕಳಿಸುತ್ತಿದ್ದರು. ಅವತ್ತು ಬೆಳಿಗ್ಗೆ ಎರಡು ಬಿ-24 ಲಿಬರೇಟರ್ ಬಾಂಬರ್‌ಗಳು ಹಾಗೆ ಹಾರಿದ್ದವು. ಗುಡುಗು ಮಳೆ ಬರ್ತಿದೆ, ವಾಪಸ್ ಬನ್ನಿ ಅಂತ ಕರೆದರು. ಅವು ಬರುವಷ್ಟರಲ್ಲಿ ಮಳೆ ಕವಿದಿತ್ತು. ಒಂದು ವಿಮಾನ ಬೇರೆ ಕಡೆ ತಿರುಗಿ ಪಾರಾಯಿತು. ಇನ್ನೊಂದು ಈ ಹಳ್ಳಿಯ ಮೇಲೆ ಬಿತ್ತು. ಮೊದಲು ಮನೆಗಳು ಮತ್ತು ಸೈನಿಕರು ತಿಂಡಿಗೆ ಬರುತ್ತಿದ್ದ ಕ್ಯಾಂಟೀನು, ಆಮೇಲೆ ಹೋಲಿ ಟ್ರಿನಿಟಿ ಶಾಲೆಯ ಚಿಕ್ಕ ಮಕ್ಕಳ ತರಗತಿ. ಇಂಧನ ಹೊತ್ತಿಕೊಂಡಿತು. ಒಟ್ಟು 61 ಜನ ಹೋದರು. ಅದರಲ್ಲಿ 38 ಶಾಲೆ ಮಕ್ಕಳು. ಬಾಂಬಿನಿಂದ ಉಳಿಯಲಿ ಅಂತ ಲಂಡನ್ನಿನಿಂದ ಇಲ್ಲಿಗೆ ಕಳಿಸಿದ್ದ ಮಕ್ಕಳೂ ಇದ್ದರು. ಬರೆಯುವಾಗ ಕೈ ನಿಲ್ಲುತ್ತೆ.

ತನಿಖೆಯಲ್ಲಿ ಇದೇ ಕಾರಣ ಅಂತ ಖಚಿತವಾಗಲಿಲ್ಲ. ಆದರೆ ಒಂದು ಮಾತು ಬಂತು. ಇಂಗ್ಲೆಂಡಿನ ಗುಡುಗು ಮಳೆ ಅಂದ್ರೆ ಬರೀ ತುಂತುರು ಅಂತ ಅಮೆರಿಕದ ಪೈಲಟ್‌ಗಳು ಅಂದುಕೊಳ್ಳುತ್ತಿದ್ದರಂತೆ. ಅವರಿಗೆ ಸರಿಯಾಗಿ ಎಚ್ಚರಿಕೆ ಹೇಳಿ ಅಂತ ಶಿಫಾರಸು ಮಾಡಿದರು. ಅದೇ ವಾರ ಪ್ಯಾರಿಸ್ ಜರ್ಮನ್ನರ ಹಿಡಿತದಿಂದ ಬಿಡುಗಡೆಯಾಯಿತು. ಪತ್ರಿಕೆಗಳ ತುಂಬಾ ಅದೇ ಸುದ್ದಿ.

ಚರ್ಚಿನ ಅಂಗಳದಲ್ಲಿ ಮಕ್ಕಳನ್ನು ಒಟ್ಟಿಗೆ ಮಣ್ಣು ಮಾಡಿದ ಜಾಗ ಇದೆ, ಸ್ಮಾರಕವಿದೆ. ಊರಿನ ಮೆಮೋರಿಯಲ್ ಹಾಲ್‌ಗೆ ಆಗಲೇ ದುಡ್ಡು ಕೂಡಿಸಲು ಶುರುಮಾಡಿದರೂ ಅದು ತೆರೆದದ್ದು 1977ರಲ್ಲಿ. ಈ ಆಟದ ಜಾಗ ಮಾತ್ರ ಒಂದೇ ವರ್ಷದಲ್ಲಿ, 1945ರ ಆಗಸ್ಟ್‌ನಲ್ಲಿ, ಸಿದ್ಧವಾಯಿತು. ಆಟದ ಸಾಮಾನಿಗೆ ದುಡ್ಡು ಕೂಡಿಸಿದ್ದು ವಾರ್ಟನ್‌ನ ಆ ಸೈನಿಕರೇ. ಸತ್ತವರಲ್ಲಿ ಅವರ ಜೊತೆಗಾರರೂ ಇದ್ದರು. ಕಲ್ಲಿನ ಮೇಲೆ ತಮ್ಮನ್ನು 'ನೆರೆಹೊರೆಯವರು' ಅಂತ ಕರೆದುಕೊಂಡಿದ್ದಾರೆ. ಊರಿಗೂ ತಮಗೂ ಆದ ನಷ್ಟದ ನೆನಪಿಗೆ ಎಂದಿದ್ದಾರೆ. ಆ ನೆರೆಹೊರೆ ಅನ್ನೋ ಪದ ನನ್ನನ್ನು ಬಿಡುತ್ತಿಲ್ಲ.

ಗೆಳತಿಯೊಬ್ಬಳು ಕೇಳಿದಳು, ಅಷ್ಟು ಮಕ್ಕಳು ಸತ್ತ ನೆನಪಿನ ಜಾಗದಲ್ಲಿ ಬೇರೆ ಮಕ್ಕಳು ಕಿರುಚಾಡೋದು ಸರೀನಾ ಅಂತ. ನನಗೆ ಅದೇ ಸರಿ ಅನಿಸುತ್ತೆ. ನಮ್ಮ ಕಡೆ ತೀರಿಕೊಂಡವರ ಹೆಸರಲ್ಲಿ ಅರವಟ್ಟಿಗೆ ಇಡುತ್ತಿದ್ದರು. ದಾರಿಹೋಕರು ನೀರು ಕುಡಿದು ಹೋಗೋರು, ಯಾರ ಹೆಸರಲ್ಲಿ ಅಂತ ಗೊತ್ತಿಲ್ಲದವರೂ ಕುಡಿಯೋರು. ಆ ದಿನ ತರಗತಿಯಲ್ಲಿ ಕೂತಿದ್ದ ಮಕ್ಕಳಿಗೆ ಇನ್ನೂ ಆಡೋದು ಎಷ್ಟು ಬಾಕಿ ಇತ್ತು, ಅಲ್ವಾ? ಅವರ ಹೆಸರಲ್ಲಿ ಕೊಡೋದಾದರೆ ಆಟವನ್ನೇ ಕೊಡಬೇಕು. ಕಂಚಿನ ಪ್ರತಿಮೆ ನಿಲ್ಲಿಸಿ ಬೇಲಿ ಹಾಕಿದ್ದರೆ ನಾನು ಫೋಟೋ ತೆಗೆದು ಹೊರಟುಬಿಡುತ್ತಿದ್ದೆ. ಈಗ ಪ್ರತಿ ತಿಂಗಳು ಹೋಗ್ತೀನಿ.

ವಾರ್ಟನ್‌ನಲ್ಲಿ ಇಂದಿಗೂ ಟೈಫೂನ್ ಯುದ್ಧವಿಮಾನದ ಕಾರ್ಖಾನೆ ಇದೆ. ಮೇಲೆ ಒಂದು ಹಾದುಹೋದರೆ ಮಕ್ಕಳು ಕಿವಿ ಮುಚ್ಚಿಕೊಂಡು ಆಕಾಶ ನೋಡುತ್ತಾರೆ, ಮತ್ತೆ ಜಾರುಬಂಡೆಗೆ ಓಡುತ್ತಾರೆ. ನಾನು ಸದ್ದು ಪೂರ್ತಿ ನಿಲ್ಲುವ ತನಕ ನೋಡುತ್ತಲೇ ಇರ್ತೀನಿ.

ಮಗಳಿಗೆ ಈಗ ಓದಲು ಬರುತ್ತೆ. ಮೊನ್ನೆ ಕಲ್ಲಿನ ಅಕ್ಷರ ಕೂಡಿಸಿ ಓದಿ, "ಯಾರಮ್ಮ ಇದನ್ನ ಕೊಟ್ಟಿದ್ದು?" ಅಂದಳು. ದೂರದಿಂದ ಬಂದಿದ್ದ ಸೈನಿಕರು, ಈ ಊರಿನ ಮಕ್ಕಳಿಗೆ ಅಂದೆ. ಉಳಿದದ್ದನ್ನು ಇನ್ನೂ ಹೇಳಿಲ್ಲ.