ಹಸಿರು ದೀಪದ ಸುಭಿಕ್ಷ ಕಾಲ

ಮಂಗಳೂರಿನ ಡೇರೆಬೈಲಿನ ಒಂದು ಸಾಫ್ಟ್‌ವೇರ್ ಕಚೇರಿಯಲ್ಲಿ ಸಾಫ್ಟ್‌ವೇರಿನ ಭಾಗಗಳು ಒಂದಕ್ಕೊಂದು ಹೊಂದಿ ಕೆಲಸ ಮಾಡುತ್ತವೆಯೇ ಎಂದು ನೋಡುವ ಇಂಟಿಗ್ರೇಷನ್ ಟೆಸ್ಟುಗಳನ್ನು ರೆಪೊಸಿಟರಿ ಎಂಬ ಕೋಡಿನ ಉಗ್ರಾಣದ ಯಾವ ಫೋಲ್ಡರಿನಲ್ಲಿ ಇಡಬೇಕೆಂಬ ಪ್ರಶ್ನೆ ಮೂರು ಮಳೆಗಾಲಗಳಿಂದ ಚರ್ಚೆಯಲ್ಲಿದೆ. ಒಂದೊಂದು ಭಾಗವನ್ನೂ ಬಿಡಿಬಿಡಿಯಾಗಿ ಪರೀಕ್ಷಿಸುವ ಯುನಿಟ್ ಟೆಸ್ಟುಗಳ ಜೊತೆಗೇ ಇರಲಿ ಎನ್ನುವುದು ಒಂದು ಪಂಗಡ, ಬೇರೆ ಫೋಲ್ಡರ್ ಬೇಕೆನ್ನುವುದು ಇನ್ನೊಂದು. ಬೇರೆ ರೆಪೊಸಿಟರಿಯನ್ನೇ ತೆರೆಯೋಣ ಎಂದ ಮೂರನೆಯ ಪಂಗಡದಲ್ಲಿ ಇದ್ದವರು ಒಬ್ಬರೇ, ಅವರೂ ಈಗ ಬೆಂಗಳೂರು ಸೇರಿದ್ದಾರೆ.

ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯವರಿಗೆ ಈ ಸುಖವಿಲ್ಲ. ಅಲ್ಲಿ ಇಂಟಿಗ್ರೇಷನ್ ಟೆಸ್ಟುಗಳಿಗೆ ಮೂಲ ಕೋಡಿರುವ ‘ಎಸ್‌ಆರ್‌ಸಿ’ ಫೋಲ್ಡರಿನ ಪಕ್ಕದಲ್ಲೇ ‘ಟೆಸ್ಟ್ಸ್’ ಎಂಬ ಮನೆ ನಿಗದಿಯಾಗಿದೆ. ಅದರೊಳಗಿನ ಪ್ರತಿಯೊಂದು ಕಡತವೂ ಪ್ರತ್ಯೇಕ ಕ್ರೇಟ್, ಅಂದರೆ ಸ್ವತಂತ್ರ ಪೊಟ್ಟಣವಾಗಿ ಕಂಪೈಲ್ ಆಗುವುದರಿಂದ (ಯಂತ್ರದ ಭಾಷೆಗೆ ಇಳಿಯುವುದರಿಂದ), ನೆಂಟರಂತೆ ಮುಂಬಾಗಿಲಿನಿಂದಲೇ, ಕೋಡು ಹೊರಗಿನವರಿಗೆ ತೆರೆದಿಟ್ಟ ದಾರಿಯಲ್ಲೇ, ಒಳಬರಬೇಕು. ನಮ್ಮದು ಜಾವಾ ಭಾಷೆ ಮತ್ತು ಅದರ ಕೋಡನ್ನು ಕಟ್ಟಿ ಟೆಸ್ಟು ಓಡಿಸುವ ಮಾವೆನ್ ಎಂಬ ಸಾಧನ. ಸ್ವಾತಂತ್ರ್ಯ ಹೆಚ್ಚು, ಆದ್ದರಿಂದ ಸಭೆಗಳೂ ಹೆಚ್ಚು.

ಕೊನೆಗೆ ಫೋಲ್ಡರಿನ ವಿಷಯವನ್ನು ಬದಿಗಿಟ್ಟು, ಇಂಥ ಟೆಸ್ಟುಗಳ ಹೆಸರೆಲ್ಲ ‘ಟೆಸ್ಟ್’ ಎಂಬುದರ ಬದಲು ‘ಐಟಿ’ (ಇಂಟಿಗ್ರೇಷನ್ ಟೆಸ್ಟ್) ಎಂದು ಮುಗಿಯತಕ್ಕದ್ದು ಎಂದು ನಿರ್ಣಯಿಸಲಾಯಿತು. ಯುನಿಟ್ ಟೆಸ್ಟುಗಳನ್ನು ಓಡಿಸುವ ಮಾವೆನ್‌ನ ಶ್ಯೂರ್‌ಫೈರ್ ಪ್ಲಗಿನ್ ತಾನಾಗಿ ಅಂಥ ಹೆಸರುಗಳತ್ತ ಕಣ್ಣೆತ್ತಿಯೂ ನೋಡುವುದಿಲ್ಲ, ಅವು ಫೇಲ್‌ಸೇಫ್ ಎಂಬ ಇನ್ನೊಂದು ಪ್ಲಗಿನ್ನಿನ ಪಾಲಿಗೆ ಬರುತ್ತವೆ, ಅದನ್ನು ಮಾವೆನ್‌ಗೆ ಸೂಚನೆ ಬರೆದಿಡುವ ‘ಪಾಮ್’ ಕಡತದಲ್ಲಿ ನಾವೇ ಸೇರಿಸಬೇಕು ಎಂಬುದು ನಿರ್ಣಯದಲ್ಲಿ ಇರಲಿಲ್ಲ. ಹೀಗಾಗಿ ಅಷ್ಟೂ ಟೆಸ್ಟುಗಳು ದಿನವೂ ತಪ್ಪದೆ ಕಂಪೈಲ್ ಆದವು, ಒಂದೂ ಓಡಲಿಲ್ಲ. ಕೋಡನ್ನು ಕಟ್ಟಿ ಪರೀಕ್ಷಿಸುವ ಹನ್ನೆರಡು ನಿಮಿಷದ ಬಿಲ್ಡ್ ನಲವತ್ತು ಸೆಕೆಂಡಿಗೆ ಇಳಿದು ಎಲ್ಲ ಸರಿಯಿದೆ ಎನ್ನುವ ಹಸಿರು ದೀಪ ಬೆಳಗಿದಾಗ, ಈ ವೇಗವನ್ನು ಸಾಧಿಸಿದ ಮಹನೀಯರಿಗೆ ಗೋಳಿಬಜೆ ತರಿಸಿ ಸನ್ಮಾನ ಮಾಡಲಾಯಿತು.

ನಾವು ಕಟ್ಟುತ್ತಿದ್ದುದು ಬಂದರಿನ ದಕ್ಕೆಯ ಮೀನು ಏಲಮಿನ ಲೆಕ್ಕದ ಸಾಫ್ಟ್‌ವೇರ್. ತೂಕದ ವಿಭಾಗ ಕಿಲೋದಲ್ಲಿ ಹೇಳಿದ್ದನ್ನು ಬಿಲ್ಲಿನ ವಿಭಾಗ ಬುಟ್ಟಿ ಎಂದು ಓದಿಕೊಂಡಿತು. ಬಂಗುಡೆಯ ಬಿಲ್ಲು ದೋಣಿಯ ಬೆಲೆಯನ್ನೇ ಮೀರಿತು. ಎರಡರ ಯುನಿಟ್ ಟೆಸ್ಟುಗಳೂ ಹಸಿರಾಗಿಯೇ ಇದ್ದವು. ಕೋಣಗಳನ್ನು ಒಂದೊಂದಾಗಿ ಓಡಿಸಿ ನೋಡಿ, ನೊಗ ಕಟ್ಟುವ ಮೊದಲೇ ಕಂಬಳದ ಪದಕಕ್ಕೆ ಗೋಡೆಯಲ್ಲಿ ಮೊಳೆ ಹೊಡೆದ ಹಾಗೆ. ಇದೇನೂ ದೊಡ್ಡದಲ್ಲವೆಂದು ನಮ್ಮ ಮುಖ್ಯಸ್ಥರು ಸಮಾಧಾನ ಹೇಳಿದರು: ಒಂದು ಸಾಫ್ಟ್‌ವೇರ್ ಪೌಂಡ್-ಸೆಕೆಂಡಿನಲ್ಲಿ ಕೊಟ್ಟ ಲೆಕ್ಕವನ್ನು ಇನ್ನೊಂದು ನ್ಯೂಟನ್-ಸೆಕೆಂಡ್ ಎಂದು ತಿಳಿದದ್ದರಿಂದ 1999ರ ಸೆಪ್ಟೆಂಬರಿನಲ್ಲಿ ನಾಸಾ ಒಂದು ಮಂಗಳನೌಕೆಯನ್ನೇ ಕಳೆದುಕೊಂಡಿತ್ತು, ನಮ್ಮದು ಬರೀ ಬಂಗುಡೆ.

ಆಮೇಲೆ ಫೇಲ್‌ಸೇಫ್ ಬಂತು. ಅದರ ಸಜ್ಜನಿಕೆ ಎಷ್ಟೆಂದರೆ, ಟೆಸ್ಟು ಸೋತರೂ ಆ ಹಂತದಲ್ಲಿ ಬಿಲ್ಡನ್ನು ನಿಲ್ಲಿಸದೆ, ಟೆಸ್ಟಿಗಾಗಿ ತೆರೆದಿಟ್ಟ ಸರ್ವರ್ ಮುಚ್ಚಲು ಅವಕಾಶ ಕೊಟ್ಟು, ತೀರ್ಪನ್ನು ‘ವೆರಿಫೈ’ ಹಂತದಲ್ಲಿ ಕೊಡುತ್ತದೆ. ನಮ್ಮವರು ತೀರ್ಪಿಗೆ ಮೊದಲಿನ ಹಂತದವರೆಗೆ ಮಾತ್ರ ಓಡಿಸಿ ಮತ್ತೆರಡು ತಿಂಗಳು ಹಸಿರಿನಲ್ಲೇ ಕಳೆದರು. ಕಳೆದ ವಾರ ಹೊಸದಾಗಿ ಸೇರಿದ ಹುಡುಗಿಯೊಬ್ಬಳು, ಯಾರನ್ನೂ ಕೇಳದೆ, ‘ವೆರಿಫೈ’ ಎಂದು ಟೈಪಿಸಿದಳು. ಬಂಗುಡೆಯ ಟೆಸ್ಟು ಕೆಂಪಾಯಿತು. ಅದಕ್ಕೀಗ ‘ಡಿಸೇಬಲ್ಡ್’ (ಓಡಿಸಬೇಡಿ) ಎಂಬ ಚೀಟಿ ಅಂಟಿಸಲಾಗಿದ್ದು, ಅಂಥ ಟೆಸ್ಟುಗಳಿಗೆ ಪ್ರತ್ಯೇಕ ಫೋಲ್ಡರ್ ಬೇಕೇ ಎಂಬುದು ಗುರುವಾರದ ಸಭೆಯಲ್ಲಿ ಚರ್ಚೆಗೆ ಬರಲಿದೆ.